ಎರಡು ಸರ್ವರ್‌ಗೆ ಒಂದೇ ಕೀ: ವೆಬ್ ಫಾರ್ಮ್‌ನಲ್ಲಿ ಮಷೀನ್ ಕೀ ಹೊಂದಿಸುವ ಸಮಗ್ರ ಮಾರ್ಗದರ್ಶಿ

"ಸರ್, ಲಾಗಿನ್ ಆಗ್ತದರಿ, ಎರಡ್ ಪೇಜ್ ನೋಡದ್ರಾಗ ಮತ್ತ ಪಾಸ್‌ವರ್ಡ್ ಕೇಳ್ಲಕತ್ತದ." ಕಲಬುರಗಿ ಗಂಜಿನ (ಧಾನ್ಯ ಮಾರುಕಟ್ಟೆಯ) ದಾಲ್ ಮಿಲ್ಲಿನಿಂದ ಗುಮಾಸ್ತರು ಹೀಗೆ ಫೋನ್ ಮಾಡಿದರೆ ಪಾಸ್‌ವರ್ಡ್ ರೀಸೆಟ್ ಮಾಡಲು ಹೋಗಬೇಡಿ. ಇತ್ತೀಚೆಗೆ ಯಾರಾದರೂ ಎರಡನೇ ಸರ್ವರ್ ಸೇರಿಸಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಹೌದು ಎಂದರೆ ರೋಗ ಬಹುತೇಕ ಗೊತ್ತಾದಂತೆಯೇ: ಎರಡು ಸರ್ವರ್‌ಗಳ ಬಳಿ ಎರಡು ಬೇರೆ ಕೀ ಇವೆ.

ವಿವರಣೆಗೆ ಒಂದು ವ್ಯವಸ್ಥೆಯನ್ನು ಇಟ್ಟುಕೊಳ್ಳೋಣ. ತೊಗರಿ ಬೇಳೆಯ ಆರ್ಡರ್ ತೆಗೆದುಕೊಳ್ಳುವ ಒಂದು ವೆಬ್‌ಸೈಟ್. ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್ ಫ್ರೇಮ್‌ವರ್ಕಿನಲ್ಲಿ ಬರೆದದ್ದು, ವಿಂಡೋಸ್‌ನ ವೆಬ್ ಸರ್ವರ್ ತಂತ್ರಾಂಶವಾದ ಐಐಎಸ್ ಮೇಲೆ ಓಡುತ್ತದೆ. ಕಲಬುರಗಿಯ ಆಫೀಸಿನಲ್ಲಿ ಎರಡು ವಿಂಡೋಸ್ ಸರ್ವರ್, ಅವುಗಳ ಮುಂದೆ ಬಂದ ಕೆಲಸವನ್ನು ಎರಡಕ್ಕೂ ಹಂಚುವ ಒಂದು ಲೋಡ್ ಬ್ಯಾಲೆನ್ಸರ್. ಹೀಗೆ ಒಂದೇ ಸೈಟನ್ನು ಹಲವು ಸರ್ವರ್ ಸೇರಿ ನಡೆಸುವ ಏರ್ಪಾಡಿಗೇ ವೆಬ್ ಫಾರ್ಮ್ ಅಥವಾ ಕ್ಲಸ್ಟರ್ ಎನ್ನುವುದು. ಇವೆರಡೂ ಮಲಗಿದರೆ ಕೆಲಸ ನಡೆಯಲಿ ಎಂದು ಬೀದರ್ ಬ್ರಾಂಚಿನಲ್ಲಿ ಒಂದು ಸ್ಟ್ಯಾಂಡ್‌ಬೈ. ಕಮಾಂಡು ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಕುಕೀಯೊಳಗೆ ಏನಿದೆ

ಫಾರ್ಮ್ಸ್ ಅಥೆಂಟಿಕೇಶನ್‌ನಲ್ಲಿ ಬಳಕೆದಾರ ಲಾಗಿನ್ ಆದ ಕೂಡಲೇ ಸರ್ವರ್ ಒಂದು ಟಿಕೆಟ್ ತಯಾರಿಸುತ್ತದೆ. ಹೆಸರು, ಕೊಟ್ಟ ಸಮಯ, ಮುಗಿಯುವ ಸಮಯ ಅದರಲ್ಲಿರುತ್ತವೆ. ಸರ್ವರ್ ಅದನ್ನು ಎನ್‌ಕ್ರಿಪ್ಟ್ ಮಾಡಿ, ಸಹಿ ಹಾಕಿ, ಕುಕೀಯಾಗಿ ಬ್ರೌಸರಿಗೆ ಕೊಡುತ್ತದೆ. ಆ ಕುಕೀಗೆ ಬೇರೆ ಹೆಸರಿಡದಿದ್ದರೆ 'ಡಾಟ್ ಎಎಸ್‌ಪಿಎಕ್ಸ್‌ಆತ್' ಎಂಬ ಹೆಸರೇ ಇರುತ್ತದೆ. ಈ ಕೆಲಸಕ್ಕೆ ಬೇಕಾದವು ಎರಡು ಕೀ, ಎರಡೂ ಸೇರಿ 'ಮಷೀನ್ ಕೀ'. ಡಿಕ್ರಿಪ್ಷನ್ ಕೀ ಮುಚ್ಚುತ್ತದೆ, ತೆರೆಯುತ್ತದೆ. ವ್ಯಾಲಿಡೇಶನ್ ಕೀ ಸಹಿ ಹಾಕುತ್ತದೆ, ಸಹಿ ಪರೀಕ್ಷಿಸುತ್ತದೆ. ಗಂಜಿನಲ್ಲಿ ಒಂದು ಅಡತಿ ಅಂಗಡಿ ಮೊಹರು ಒತ್ತಿ ಕೊಟ್ಟ ಚೀಟಿಯನ್ನು ಪಕ್ಕದ ಅಂಗಡಿಗೆ ಒಯ್ದರೆ ಅವರು ದುಡ್ಡು ಕೊಡುವುದಿಲ್ಲವಲ್ಲ, ಇಲ್ಲಿ ಆಗುವುದೂ ಅದೇ.

ನೀವೇನೂ ಹೇಳದಿದ್ದರೆ ಈ ಕೀಗಳು 'ಆಟೋಜನರೇಟ್, ಐಸೊಲೇಟ್‌ಆ್ಯಪ್ಸ್' ಎಂಬ ಸ್ಥಿತಿಯಲ್ಲಿರುತ್ತವೆ. ಪ್ರತಿ ಸರ್ವರ್ ತನ್ನ ಕೀಯನ್ನು ತಾನೇ ಹುಟ್ಟಿಸಿಕೊಂಡು, ಆ್ಯಪ್ ಪೂಲ್ (ಐಐಎಸ್‌ನಲ್ಲಿ ಸೈಟನ್ನು ಓಡಿಸುವ ಭಾಗ) ಯಾವ ಖಾತೆಯಲ್ಲಿ ಓಡುತ್ತದೋ ಅದರ ಲೆಕ್ಕದಲ್ಲಿ ರಿಜಿಸ್ಟ್ರಿಯಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಸರ್ವರ್ ಇರುವವರೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಎರಡನೆಯದು ಬಂದ ದಿನವೇ ತಕರಾರು ಶುರು.

ಲಾಗಿನ್ ಕುಕೀ ಅಷ್ಟೇ ಅಲ್ಲ. ಪುಟದ ವ್ಯೂಸ್ಟೇಟ್ (ಪುಟದ ಸ್ಥಿತಿಯನ್ನು ಅದರೊಳಗೇ ಅಡಗಿಸಿಟ್ಟ ಮಾಹಿತಿ), ಫಾರಂಗಳ ಆ್ಯಂಟಿ-ಫೋರ್ಜರಿ ಟೋಕನ್ (ಫಾರಂ ನಮ್ಮ ಸೈಟಿನದೇ ಎಂಬ ಗುರುತು), ಬಳಕೆದಾರನ ಪಾತ್ರ ಹೇಳುವ ರೋಲ್ ಕುಕೀ ಎಲ್ಲವೂ ಇದೇ ಕೀಗಳ ಮೇಲೆ ನಿಂತಿವೆ. ಆದ್ದರಿಂದ ಕೆಲವರಿಗೆ ಲಾಗಿನ್ ಪುಟ ಮರಳಿ ಬಂದರೆ, ಇನ್ನು ಕೆಲವರಿಗೆ ಆರ್ಡರ್ ತುಂಬಿ ಸೇವ್ ಒತ್ತಿದಾಗ 'ವ್ಯಾಲಿಡೇಶನ್ ಆಫ್ ವ್ಯೂಸ್ಟೇಟ್ ಮ್ಯಾಕ್ ಫೇಲ್ಡ್' ಎಂಬ ಹಳದಿ ಪುಟ ಕಾಣುತ್ತದೆ. ಆ ಸಂದೇಶದ ಮುಂದಿನ ಸಾಲಲ್ಲೇ ಪರಿಹಾರವೂ ಬರೆದಿರುತ್ತದೆ: ಕ್ಲಸ್ಟರಿನಲ್ಲಿ ಆಟೋಜನರೇಟ್ ನಡೆಯುವುದಿಲ್ಲ, ಎಲ್ಲಾ ಸರ್ವರ್‌ಗೂ ಒಂದೇ ಕೀ, ಒಂದೇ ಅಲ್ಗಾರಿದಮ್ ಕೊಡಿ. ಹಳದಿ ಪುಟ ಕಂಡರೆ ಗಾಬರಿಯಾಗಿ ಕೊನೆವರೆಗೆ ಯಾರೂ ಓದುವುದಿಲ್ಲ, ಅಷ್ಟೇ.

ಮೊದಲು ರೋಗ ಖಾತ್ರಿ ಮಾಡಿಕೊಳ್ಳಿ

ಎರಡೂ ಸರ್ವರ್‌ಗಳಲ್ಲಿ ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗ್ ನೋಡಿ. ಈವೆಂಟ್ ಐಡಿ 1315, ಈವೆಂಟ್ ಕೋಡ್ 4005 ಇರುವ ದಾಖಲೆ ಹುಡುಕಿ. ಅದರೊಳಗೆ 'ಈವೆಂಟ್ ಡಿಟೇಲ್ ಕೋಡ್' ಎಂಬ ಸಾಲಿದೆ, ಮುಖ್ಯವಾದದ್ದು ಅದು. 50201 ಇದ್ದರೆ ಟಿಕೆಟ್ಟೇ ಅಮಾನ್ಯ, ಕೀ ತಾಳೆಯಾಗುತ್ತಿಲ್ಲ. 50202 ಇದ್ದರೆ ಟಿಕೆಟ್ಟಿನ ಅವಧಿ ಮುಗಿದಿದೆ, ಕೀಗೂ ಅದಕ್ಕೂ ಸಂಬಂಧವಿಲ್ಲ. ಆಗ ಟೈಮ್‌ಔಟ್ ಎಷ್ಟಿದೆ ನೋಡಿ (ಏನೂ ಕೊಡದಿದ್ದರೆ 30 ನಿಮಿಷ), ಎರಡೂ ಸರ್ವರ್‌ಗಳ ಗಡಿಯಾರ ಒಂದೇ ಸಮಯ ತೋರಿಸುತ್ತಿದೆಯೇ ನೋಡಿ. ವ್ಯೂಸ್ಟೇಟ್ ಸಹಿ ತಪ್ಪಿದ್ದರೆ ಈವೆಂಟ್ ಐಡಿ 1316, ಈವೆಂಟ್ ಕೋಡ್ 4009 ಇರುವ ಬೇರೆ ದಾಖಲೆಯಲ್ಲಿ 50203 ಬರುತ್ತದೆ.

ಇದರ ಜೊತೆ ಗೊಂದಲವಾಗುವ ಇನ್ನೊಂದು ತೊಂದರೆ ಸೆಷನ್ನಿನದು. ಬಳಕೆದಾರ ಲಾಗಿನ್ ಆಗಿಯೇ ಇದ್ದಾನೆ, ಆದರೆ ಆರಿಸಿಟ್ಟ ಸರಕಿನ ಪಟ್ಟಿ ಮಾತ್ರ ಮಾಯ. ಸೆಷನ್ ಆಯಾ ಸರ್ವರ್‌ನ ಮೆಮೊರಿಯಲ್ಲೇ ಕೂತಿದೆ ಎಂದು ಇದರರ್ಥ. ಅದಕ್ಕೆ ಸ್ಟೇಟ್ ಸರ್ವರ್ ಅಥವಾ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸೆಷನ್ ಇಡಬೇಕು. ಮಷೀನ್ ಕೀ ಎಷ್ಟು ತಿದ್ದಿದರೂ ಅದು ಸರಿಯಾಗದು.

ಇನ್ನು ಸ್ಟಿಕಿ ಸೆಷನ್. "ಲೋಡ್ ಬ್ಯಾಲೆನ್ಸರ್‌ನಲ್ಲಿ ಸ್ಟಿಕಿ ಆನ್ ಮಾಡಿ, ಎಲ್ಲಾ ಸರಿಹೋಗ್ತದ" ಎನ್ನುವವರು ಸಿಕ್ಕೇ ಸಿಗುತ್ತಾರೆ. ಸರಿ ಹೋದಂತೆ ಕಾಣುವುದೂ ನಿಜ, ಒಬ್ಬ ಬಳಕೆದಾರ ಒಂದೇ ಸರ್ವರ್‌ಗೆ ಅಂಟಿಕೊಳ್ಳುತ್ತಾನೆ. ಆದರೆ ಮೇ ತಿಂಗಳ ಬಿಸಿಲಿಗೆ ಸರ್ವರ್ ರೂಮಿನ ಎಸಿ ಕೈಕೊಟ್ಟು ಒಂದು ಸರ್ವರ್ ಆಫ್ ಆಯಿತೆಂದರೆ ಅದಕ್ಕೆ ಅಂಟಿದ್ದವರೆಲ್ಲ ಒಮ್ಮೆಗೇ ಹೊರಬೀಳುತ್ತಾರೆ. ಎರಡನೇ ಸರ್ವರ್ ಕೊಂಡದ್ದೇ ಇಂಥ ದಿನಕ್ಕೆ. ಬೇರೆ ಕಾರಣಕ್ಕೆ ಸ್ಟಿಕಿ ಬೇಕಿದ್ದರೆ ಇರಲಿ, ಆದರೆ ಈ ಕೆಲಸ ಮುಗಿಯುವವರೆಗೆ ಅದನ್ನು ಆಫ್ ಮಾಡಿ ರೌಂಡ್ ರಾಬಿನ್‌ನಲ್ಲಿಡಿ (ಸರದಿಯಂತೆ ಒಂದೊಂದು ಸರ್ವರ್‌ಗೆ). ಇಲ್ಲದಿದ್ದರೆ ಸರಿಯಾಯಿತೋ ಇಲ್ಲವೋ ನಿಮಗೇ ತಿಳಿಯುವುದಿಲ್ಲ.

ಕೀ ಬದಲಿಸುವ ಮುನ್ನ ನೋಡಬೇಕಾದ್ದು

ಸೈಟ್ ಹಳೆಯದಾಗಿದ್ದು ಮೆಂಬರ್‌ಶಿಪ್ ಪ್ರೊವೈಡರ್ (ಬಳಕೆದಾರರ ಹೆಸರು, ಪಾಸ್‌ವರ್ಡ್ ನೋಡಿಕೊಳ್ಳುವ ಭಾಗ) ಬಳಸುತ್ತಿದ್ದರೆ ಪಾಸ್‌ವರ್ಡ್ ಫಾರ್ಮ್ಯಾಟ್ ಎಂಬ ಸೆಟ್ಟಿಂಗ್ ನೋಡಿ. 'ಹ್ಯಾಶ್ಡ್' ಇದ್ದರೆ ನಿಶ್ಚಿಂತೆ. 'ಎನ್‌ಕ್ರಿಪ್ಟೆಡ್' ಇದ್ದರೆ ಕೈ ತಡೆಯಿರಿ. ಡೇಟಾಬೇಸಿನ ಪಾಸ್‌ವರ್ಡ್‌ಗಳನ್ನು ಮುಚ್ಚಿರುವುದು ಇದೇ ಮಷೀನ್ ಕೀಯಿಂದ. ಅದನ್ನು ಬದಲಿಸಿದ ಕ್ಷಣವೇ ಎಲ್ಲರ ಪಾಸ್‌ವರ್ಡೂ ಓದಲಾಗದಂತಾಗುತ್ತದೆ. ಅಂಥ ಸೈಟಿನಲ್ಲಿ ಈಗಾಗಲೇ ಕೈಯಿಂದ ಬರೆದ ಕೀ ಇದ್ದೇ ಇರುತ್ತದೆ, ಏಕೆಂದರೆ ಆಟೋಜನರೇಟ್ ಇರುವಾಗ ಎನ್‌ಕ್ರಿಪ್ಟೆಡ್ ಪಾಸ್‌ವರ್ಡನ್ನು ಪ್ರೊವೈಡರ್ ಒಪ್ಪುವುದೇ ಇಲ್ಲ. ಅದೇ ಕೀಯನ್ನು ಎರಡನೇ ಸರ್ವರ್‌ಗೂ ಒಯ್ಯಿರಿ, ಹೊಸದು ಮಾಡಬೇಡಿ.

ಸರ್ವರ್‌ಗಳ ಫ್ರೇಮ್‌ವರ್ಕ್ ಆವೃತ್ತಿ, ಅಪ್‌ಡೇಟ್ ಎರಡೂ ಒಂದೇ ಮಟ್ಟದಲ್ಲಿರಲಿ. 2010ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಎಂಎಸ್10-070 ಎಂಬ ತುರ್ತು ಪ್ಯಾಚ್ ಬಿಟ್ಟಾಗ ಟಿಕೆಟ್ ಮುಚ್ಚುವ ಕ್ರಮವೇ ಬದಲಾಯಿತು. ಕೀ ಒಂದೇ ಇದ್ದರೂ, ಪ್ಯಾಚ್ ಹಾಕಿದ ಸರ್ವರ್‌ನ ಟಿಕೆಟ್ಟನ್ನು ಹಾಕದ ಸರ್ವರ್ ಓದಲಾರದಾಯಿತು.

ಹಾಗೆಯೇ ಸಮಯ. ಈ ಕೀ ಬದಲಾದಾಗ ಒಳಗಿರುವ ಪ್ರತಿಯೊಬ್ಬರೂ ಹೊರಬೀಳುತ್ತಾರೆ, ತಪ್ಪಿಸಲು ದಾರಿಯಿಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕಟಾವಾಗಿ ಗಂಜಿಗೆ ಆವಕ ಬರುವ ಹೊತ್ತಿನಲ್ಲಿ ಹಗಲು ಇದನ್ನು ಮುಟ್ಟಬೇಡಿ. ಸರ್ಕಾರಿ ಕಚೇರಿಯ ಸೈಟಾದರೆ ನಮ್ಮ ಭಾಗದಲ್ಲಿ ಒಂದು ಅನುಕೂಲವಿದೆ: ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಊಟ ಮುಗಿಸಿ ನಿರಾಳವಾಗಿ ಕೂರಬಹುದು.

ಕೀ ಹುಟ್ಟಿಸುವುದು

ಸುಲಭದ ದಾರಿ ಐಐಎಸ್ ಮ್ಯಾನೇಜರ್. ಎಡಗಡೆ ನಿಮ್ಮ ಸೈಟ್ ಆರಿಸಿ, ನಡುವೆ 'ಮಷೀನ್ ಕೀ' ಐಕಾನ್ ಒತ್ತಿ. ಎರಡೂ ಕೀಗಳ ಕೆಳಗೆ 'ರನ್‌ಟೈಮ್‌ನಲ್ಲಿ ತಾನಾಗಿ ಹುಟ್ಟಿಸು', 'ಪ್ರತಿ ಅಪ್ಲಿಕೇಶನ್‌ಗೂ ಬೇರೆ ಕೀ' ಎಂಬ ಅರ್ಥದ ಟಿಕ್‌ಗಳಿವೆ. ನಾಲ್ಕನ್ನೂ ತೆಗೆಯಿರಿ. ಎರಡನೆಯ ಟಿಕ್ ಉಳಿದರೆ ಕೀ ಜೊತೆಗೆ 'ಐಸೊಲೇಟ್‌ಆ್ಯಪ್ಸ್' ಅಂಟಿಕೊಳ್ಳುತ್ತದೆ. ಆಗ ಅಪ್ಲಿಕೇಶನ್ನಿನ ವರ್ಚುವಲ್ ಪಾತ್ ಕೂಡ ಲೆಕ್ಕಕ್ಕೆ ಬಂದು, ಕಣ್ಣಿಗೆ ಒಂದೇ ಕಾಣುವ ಕೀಯಿಂದ ಎರಡು ಬೇರೆ ಕೀ ಹುಟ್ಟಬಹುದು. ಆಮೇಲೆ ಬಲಗಡೆ 'ಜನರೇಟ್ ಕೀಸ್', ನಂತರ 'ಅಪ್ಲೈ'.

ಜನರೇಟ್ ಒತ್ತುವುದು ಒಂದು ಸರ್ವರ್‌ನಲ್ಲಿ ಮಾತ್ರ. ಎರಡನೆಯದರಲ್ಲೂ ಒತ್ತಿದರೆ ಅಲ್ಲಿ ಬೇರೆ ಕೀ ಹುಟ್ಟುತ್ತದೆ, ಮತ್ತೆ ಮೊದಲಿನ ಕಥೆಯೇ.

ಕಮಾಂಡ್ ಲೈನ್ ರೂಢಿಯಿದ್ದವರಿಗೆ ಓಪನ್‌ಎಸ್‌ಎಸ್‌ಎಲ್ ಚೆನ್ನ. 'ರ‍್ಯಾಂಡ್' ಕಮಾಂಡಿಗೆ 'ಹೆಕ್ಸ್' ಆಯ್ಕೆ ಕೊಟ್ಟು 64 ಎಂದರೆ 64 ಬೈಟ್, ಅಂದರೆ 128 ಹೆಕ್ಸ್ ಅಕ್ಷರ. ಅದು ವ್ಯಾಲಿಡೇಶನ್ ಕೀ. ಮತ್ತೊಮ್ಮೆ 32 ಎಂದರೆ 64 ಹೆಕ್ಸ್ ಅಕ್ಷರ. ಅದು 256 ಬಿಟ್ ಎಇಎಸ್‌ಗೆ ಡಿಕ್ರಿಪ್ಷನ್ ಕೀ. ಪವರ್‌ಶೆಲ್‌ನ 'ಗೆಟ್-ರ‍್ಯಾಂಡಮ್' ಬಳಸಬೇಡಿ, ಅದು ಗುಟ್ಟಿನ ಕೀಗಾಗಿ ಮಾಡಿದ್ದಲ್ಲ.

ಇಂಟರ್ನೆಟ್ಟಿನಲ್ಲಿ 'ಮಷೀನ್ ಕೀ ಜನರೇಟರ್' ಎಂದು ಹುಡುಕಿದರೆ ಬೇಕಾದಷ್ಟು ಪುಟ ಸಿಗುತ್ತವೆ. ಉದಾಹರಣೆ ಕೋಡಿನ ಜೊತೆ ಸಿದ್ಧ ಕೀಗಳೂ ಸಿಗುತ್ತವೆ. ಯಾವುದನ್ನೂ ಮುಟ್ಟಬೇಡಿ. 2025ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟಿತು: ಹೀಗೆ ಬಹಿರಂಗವಾಗಿ ಬಿದ್ದಿರುವ 3,000ಕ್ಕೂ ಹೆಚ್ಚು ಕೀಗಳು ಅದರ ಕಣ್ಣಿಗೆ ಬಿದ್ದಿದ್ದವು. ಅಂಥ ಒಂದು ಕೀ ಬಳಸಿ ದುಷ್ಕರ್ಮಿಗಳು ನಕಲಿ ವ್ಯೂಸ್ಟೇಟ್ ಕಳಿಸಿ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಿದ್ದರು. ಕೀ ಗೊತ್ತಿದ್ದವನಿಗೆ ಪಾಸ್‌ವರ್ಡೇ ಬೇಡ. ಅಡ್ಮಿನ್ ಹೆಸರಿನ ಟಿಕೆಟ್ಟನ್ನು ತಾನೇ ಬರೆದುಕೊಳ್ಳುತ್ತಾನೆ, ಸರ್ವರ್ ಅದನ್ನು ಅಸಲಿ ಎಂದೇ ನಂಬುತ್ತದೆ.

ವೆಬ್ ಕಾನ್ಫಿಗ್‌ನಲ್ಲಿ ಬರೆಯುವುದು

ಅಪ್ಲಿಕೇಶನ್ನಿನ ವೆಬ್ ಡಾಟ್ ಕಾನ್ಫಿಗ್ ಫೈಲ್ ತೆರೆದು 'ಸಿಸ್ಟಮ್ ಡಾಟ್ ವೆಬ್' ಭಾಗದೊಳಗೆ 'ಮಷೀನ್‌ಕೀ' ಎಲಿಮೆಂಟ್ ಇರಿಸಿ. ಎಂ ಚಿಕ್ಕಕ್ಷರ, ಕೆ ದೊಡ್ಡಕ್ಷರ. ಅದಲುಬದಲಾದರೆ ಸೈಟ್ ಏಳುವುದೇ ಇಲ್ಲ. ಅದಕ್ಕೆ ಈ ಆಟ್ರಿಬ್ಯೂಟ್‌ಗಳು ಬೇಕು:

ವ್ಯಾಲಿಡೇಶನ್‌ಕೀ: ನಿಮ್ಮ 128 ಹೆಕ್ಸ್ ಅಕ್ಷರ.
ಡಿಕ್ರಿಪ್ಷನ್‌ಕೀ: ನಿಮ್ಮ 64 ಹೆಕ್ಸ್ ಅಕ್ಷರ.
ವ್ಯಾಲಿಡೇಶನ್: ಎಚ್‌ಮ್ಯಾಕ್‌ಎಸ್‌ಎಚ್‌ಎ256.
ಡಿಕ್ರಿಪ್ಷನ್: ಎಇಎಸ್.
ಕಂಪ್ಯಾಟಿಬಿಲಿಟಿಮೋಡ್: ಫ್ರೇಮ್‌ವರ್ಕ್45.

ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಒಂದೇ ಅಪ್ಲಿಕೇಶನ್, ಒಂದೇ ಫೈಲ್ ಎಲ್ಲೆಡೆ ಇದ್ದರೆ ಬಿಟ್ಟರೂ ನಡೆಯುತ್ತದೆ. ಆದರೆ ಎರಡು ಬೇರೆ ಅಪ್ಲಿಕೇಶನ್‌ಗಳು, ಉದಾಹರಣೆಗೆ ಆರ್ಡರ್ ಸೈಟ್ ಮತ್ತು ಬಿಲ್ ಸೈಟ್, ಒಂದೇ ಲಾಗಿನ್ ಹಂಚಿಕೊಳ್ಳಬೇಕಿದ್ದರೆ ಇಲ್ಲೇ ಎಡವುವುದು. 'ಎಚ್‌ಟಿಟಿಪಿರನ್‌ಟೈಮ್' ಎಲಿಮೆಂಟಿನಲ್ಲಿ ಟಾರ್ಗೆಟ್ ಫ್ರೇಮ್‌ವರ್ಕ್ 4.5 ಎಂದಿರುವ ಅಪ್ಲಿಕೇಶನ್ ತಾನಾಗಿ ಹೊಸ ಕ್ರಮಕ್ಕೆ ಹೋಗುತ್ತದೆ, ಆ ಸಾಲಿಲ್ಲದ್ದು ಹಳೆಯ ಕ್ರಮದಲ್ಲೇ ಉಳಿಯುತ್ತದೆ. ಕೀ ಅಕ್ಷರಕ್ಷರ ಒಂದೇ ಇದ್ದರೂ ಒಂದರ ಟಿಕೆಟ್ ಇನ್ನೊಂದಕ್ಕೆ ತೆರೆಯುವುದಿಲ್ಲ. ಜೊತೆಗಾರ ಅಪ್ಲಿಕೇಶನ್ ಇನ್ನೂ 2.0ರ ಕಾಲದ್ದಾದರೆ ಎರಡನ್ನೂ ಹಳೆಯ 'ಫ್ರೇಮ್‌ವರ್ಕ್20ಎಸ್‌ಪಿ1' ಕ್ರಮಕ್ಕೆ, ಎಸ್‌ಎಚ್‌ಎ1 ಸಹಿಗೆ ಇಳಿಸಬೇಕಾಗುತ್ತದೆ. ನನ್ನನ್ನು ಕೇಳಿದರೆ, ಆ ಹಳೆಯದನ್ನು ಮೇಲೆತ್ತುವುದೇ ವಾಸಿ.

ಕೀಯನ್ನು ಸರ್ವರ್ ಮಟ್ಟದ ಕಾನ್ಫಿಗ್‌ನಲ್ಲಿ ಬರೆದರೆ ಎಲ್ಲಾ ಸೈಟಿಗೂ ಒಮ್ಮೆಗೇ ಅನ್ವಯಿಸುತ್ತದೆ. ಅನುಕೂಲವೇನೋ ಹೌದು, ಆದರೆ ಒಂದು ಸಣ್ಣ ಸೈಟಿನಿಂದ ಕೀ ಸೋರಿದರೆ ಎಲ್ಲವೂ ಹೋದಂತೆ. ಆದ್ದರಿಂದ ಲಾಗಿನ್ ಹಂಚಿಕೊಳ್ಳುವ ಅಪ್ಲಿಕೇಶನ್‌ಗಳಿಗೆ ಮಾತ್ರ ಒಂದೇ ಕೀ, ಉಳಿದವುಗಳಿಗೆ ಬೇರೆ ಬೇರೆ.

ಅದೇ ಫೈಲಿನ 'ಫಾರ್ಮ್ಸ್' ಎಲಿಮೆಂಟನ್ನೂ ನೋಡಿ. ಕುಕೀಯ ಹೆಸರು, ಪಾತ್, ಡೊಮೇನ್, ಟೈಮ್‌ಔಟ್ ಎಲ್ಲೆಡೆ ಒಂದೇ ಇರಬೇಕು. ಪ್ರೊಟೆಕ್ಷನ್ 'ಆಲ್' ಇರಲಿ. 'ರಿಕ್ವೈರ್ ಎಸ್‌ಎಸ್‌ಎಲ್' ಆನ್ ಇದ್ದು, ಎಚ್‌ಟಿಟಿಪಿಎಸ್ ಲೋಡ್ ಬ್ಯಾಲೆನ್ಸರ್‌ನಲ್ಲೇ ಮುಗಿದು ಒಳಗೆ ಬರೀ ಎಚ್‌ಟಿಟಿಪಿ ಹರಿಯುತ್ತಿದ್ದರೆ ಕುಕೀ ಕೊಡುವಾಗಲೇ ಎರರ್ ಬರುತ್ತದೆ. ಬ್ಯಾಲೆನ್ಸರ್‌ನಿಂದ ಸರ್ವರ್‌ವರೆಗೂ ಎಚ್‌ಟಿಟಿಪಿಎಸ್ ಇಡುವುದೇ ಇದಕ್ಕೆ ಮದ್ದು. ಆ ಸೆಟ್ಟಿಂಗ್ ಆಫ್ ಮಾಡುವುದಲ್ಲ.

ಎರಡನೇ ಸರ್ವರ್‌ಗೆ, ಮತ್ತು ಬೀದರ್‌ಗೆ ಒಯ್ಯುವುದು

ಕೀಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಮೇಲ್ ಮಾಡಬೇಡಿ, ಗಿಟ್‌ಗೆ ಹಾಕಬೇಡಿ. ವರ್ಡ್ ಫೈಲಿನಲ್ಲಿಟ್ಟರೆ ಗುಟ್ಟು ಹೋಗುವುದು ಒಂದು ಕಡೆ, ನೇರ ಉದ್ಧರಣ ಚಿಹ್ನೆಗಳು ಬಾಗಿ ಕಾನ್ಫಿಗ್ ಕೆಡುವುದು ಇನ್ನೊಂದು ಕಡೆ. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಫೈಲನ್ನೇ ನಕಲು ಮಾಡಿ. ನಂತರ 'ಗೆಟ್-ಫೈಲ್‌ಹ್ಯಾಶ್' ಕಮಾಂಡನ್ನು ಪ್ರತಿ ಸರ್ವರ್‌ನ ವೆಬ್ ಕಾನ್ಫಿಗ್ ಮೇಲೆ ಓಡಿಸಿ ಹೋಲಿಸಿ. ಕೀಯನ್ನು ಯಾರ ಕಣ್ಣಿಗೂ ತೋರಿಸದೆ ಫೈಲ್ ಒಂದೇ ಎಂದು ಖಾತ್ರಿಯಾಗುತ್ತದೆ.

ಬೀದರ್ ಸ್ಟ್ಯಾಂಡ್‌ಬೈ ಎಲ್ಲರೂ ಮರೆಯುವ ಸರ್ವರ್. ದಿನನಿತ್ಯ ಅದಕ್ಕೆ ಕೆಲಸವಿಲ್ಲ, ಆದ್ದರಿಂದ ತಪ್ಪು ಕಾಣುವುದೂ ಇಲ್ಲ. ಕಲಬುರಗಿಯಲ್ಲಿ ಲೈನ್ ಹೋಗಿ ಟ್ರಾಫಿಕ್ ಅತ್ತ ತಿರುಗಿದಾಗಲೇ ಬೆಳಕಿಗೆ ಬರುತ್ತದೆ. ಇವತ್ತೇ ಅಲ್ಲಿಯೂ ಹಾಕಿ.

ಫೈಲಿನೊಳಗಿನ ಕೀಯನ್ನು ಮುಚ್ಚುವುದು

ವೆಬ್ ಕಾನ್ಫಿಗ್‌ನಲ್ಲಿ ಕೀ ಬಿಚ್ಚಿಟ್ಟಂತೆ ಬರೆದಿದ್ದರೆ ಬ್ಯಾಕಪ್ ಡಿಸ್ಕ್ ಕೈಗೆ ಸಿಕ್ಕವರೂ ಓದಬಹುದು. ಆ ಭಾಗವನ್ನು ಎನ್‌ಕ್ರಿಪ್ಟ್ ಮಾಡಲು ಫ್ರೇಮ್‌ವರ್ಕ್ ಫೋಲ್ಡರಿನಲ್ಲೇ 'ಎಎಸ್‌ಪಿನೆಟ್_ರೆಗ್‌ಐಐಎಸ್' ಎಂಬ ಉಪಕರಣವಿದೆ. ಇಲ್ಲಿ ಎರಡು ಪ್ರೊವೈಡರ್, ಅಂದರೆ ಮುಚ್ಚುವ ವಿಧಾನ, ಸಿಗುತ್ತವೆ. ಡಿಪಿಎಪಿಐ ಪ್ರೊವೈಡರ್ ಆ ಯಂತ್ರಕ್ಕೇ ಕಟ್ಟಿದ್ದು. ಅಲ್ಲಿ ಮುಚ್ಚಿದ ಫೈಲ್ ಬೇರೆ ಸರ್ವರ್‌ನಲ್ಲಿ ತೆರೆಯದು. ಕ್ಲಸ್ಟರಿಗೆ ಬೇಕಾದದ್ದು ಆರ್‌ಎಸ್‌ಎ ಪ್ರೊವೈಡರ್.

ಮೊದಲ ಸರ್ವರ್‌ನಲ್ಲಿ 'ಪಿಸಿ' ಆಯ್ಕೆಯಿಂದ ಒಂದು ಆರ್‌ಎಸ್‌ಎ ಕಂಟೇನರ್ (ಆರ್‌ಎಸ್‌ಎ ಕೀ ಇಡುವ ಪೆಟ್ಟಿಗೆ) ಮಾಡಿ. ಜೊತೆಗೆ 'ಇಎಕ್ಸ್‌ಪಿ' ಕೊಡಲೇಬೇಕು. ಅದಿಲ್ಲದೆ ಮಾಡಿದ ಕಂಟೇನರನ್ನು ಆಮೇಲೆ ಹೊರತೆಗೆಯಲು ಬರುವುದಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ವೆಬ್ ಕಾನ್ಫಿಗ್‌ನ 'ಕಾನ್ಫಿಗ್‌ಪ್ರೊಟೆಕ್ಟೆಡ್‌ಡೇಟಾ' ಭಾಗದಲ್ಲಿ ಆ ಕಂಟೇನರಿನ ಹೆಸರಿರುವ ಪ್ರೊವೈಡರ್ ಸೇರಿಸಿ, 'ಪಿಇಎಫ್' ಆಯ್ಕೆಯಿಂದ ಮಷೀನ್‌ಕೀ ಭಾಗವನ್ನು ಮುಚ್ಚಿ. ಬಳಿಕ 'ಪಿಎಕ್ಸ್' ಮತ್ತು 'ಪಿಆರ್‌ಐ' ಸೇರಿಸಿ ಕಂಟೇನರನ್ನು ಖಾಸಗಿ ಭಾಗದ ಸಮೇತ ಒಂದು ಎಕ್ಸ್‌ಎಂಎಲ್ ಫೈಲಿಗೆ ತೆಗೆಯಿರಿ. ಉಳಿದ ಸರ್ವರ್‌ಗಳಲ್ಲಿ 'ಪಿಐ'ಯಿಂದ ಒಳತಂದು, ಎಲ್ಲಾ ಸರ್ವರ್‌ಗಳಲ್ಲೂ 'ಪಿಎ'ಯಿಂದ ಆ್ಯಪ್ ಪೂಲ್ ಖಾತೆಗೆ ಓದುವ ಹಕ್ಕು ಕೊಡಿ. ಹಕ್ಕು ಕೊಡದಿದ್ದರೆ ಸೈಟ್ ತೆರೆದ ಕೂಡಲೇ ಕಾನ್ಫಿಗರೇಶನ್ ಎರರ್. ಎಕ್ಸ್‌ಎಂಎಲ್ ಫೈಲನ್ನು ಕೆಲಸ ಮುಗಿದೊಡನೆ ಅಳಿಸಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದು ಬಿದ್ದಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಪರೀಕ್ಷೆ

ಯಾವ ಸರ್ವರ್ ಉತ್ತರ ಕೊಡುತ್ತಿದೆ ಎಂದು ತಿಳಿಯಲು ಐಐಎಸ್‌ನ ಸರ್ವರ್ ಮಟ್ಟದ 'ಎಚ್‌ಟಿಟಿಪಿ ರೆಸ್ಪಾನ್ಸ್ ಹೆಡರ್ಸ್'ನಲ್ಲಿ ಪ್ರತಿ ಸರ್ವರ್‌ಗೂ ಒಂದು ಗುರುತಿನ ಹೆಡರ್ ಹಾಕಿ. ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ನೋಡುತ್ತಾ ಲಾಗಿನ್ ಆಗಿ, ಪುಟ ಬದಲಿಸುತ್ತಾ ಹೋಗಿ. ಹೆಡರ್ ಒಂದು, ಎರಡು ಎಂದು ಬದಲಾಗುತ್ತಿದ್ದರೂ ನೀವು ಒಳಗೇ ಉಳಿದರೆ ಸರಿ. ಇದಲ್ಲದೆ ಒಂದು ಸರ್ವರ್‌ನಿಂದ ಫಾರಂ ತೆರೆದು ಇನ್ನೊಂದಕ್ಕೆ ಸೇವ್ ಬೀಳುವಂತೆಯೂ ನೋಡಿ, ವ್ಯೂಸ್ಟೇಟಿನ ಪರೀಕ್ಷೆ ಅದರಲ್ಲಾಗುತ್ತದೆ.

ಬ್ಯಾಲೆನ್ಸರ್ ನಿಮ್ಮ ಕೈಯಲ್ಲಿಲ್ಲದಿದ್ದರೆ ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲ್ ಸಾಕು. ಸೈಟಿನ ಹೆಸರನ್ನು ಮೊದಲ ಸರ್ವರ್‌ನ ಐಪಿಗೆ ಕಟ್ಟಿ ಲಾಗಿನ್ ಆಗಿ, ನಂತರ ಎರಡನೆಯದರ ಐಪಿಗೆ ಬದಲಿಸಿ, 'ಐಪಿಕಾನ್ಫಿಗ್ ಫ್ಲಶ್‌ಡಿಎನ್‌ಎಸ್' ಓಡಿಸಿ ಪುಟ ರಿಫ್ರೆಶ್ ಮಾಡಿ. ನಡುವೆ ಬ್ರೌಸರ್ ಮುಚ್ಚಬೇಡಿ, ಕುಕೀ ಹೋಗಿಬಿಡಬಹುದು. ತಕ್ಷಣ ರಿಫ್ರೆಶ್ ಮಾಡಿದರೆ ಹಳೆಯ ಕನೆಕ್ಷನ್ನೇ ತೆರೆದಿದ್ದು ಮೊದಲ ಸರ್ವರ್ರೇ ಉತ್ತರಿಸುವುದುಂಟು. ಐಐಎಸ್ ಸುಮ್ಮನಿರುವ ಕನೆಕ್ಷನ್ ಕಡಿಯಲು ಸಾಮಾನ್ಯವಾಗಿ 120 ಸೆಕೆಂಡ್ ಕಾಯುತ್ತದೆ, ನೀವೂ ಅಷ್ಟು ಕಾಯಿರಿ. ಬೀದರ್‌ನ ಸರ್ವರ್ರನ್ನೂ ಹೀಗೆಯೇ, ಟ್ರಾಫಿಕ್ ತಿರುಗಿಸದೆ, ಪರೀಕ್ಷಿಸಬಹುದು.

ಹೊಸ ಕಾಲದ ಕೋರ್ ಅಪ್ಲಿಕೇಶನ್ನಾದರೆ

ಎಎಸ್‌ಪಿ ಡಾಟ್ ನೆಟ್ ಕೋರ್ ತನ್ನ ಕುಕೀಗೆ ಮಷೀನ್‌ಕೀ ಎಲಿಮೆಂಟ್ ಬಳಸುವುದಿಲ್ಲ. ಅಲ್ಲಿ 'ಡೇಟಾ ಪ್ರೊಟೆಕ್ಷನ್' ಎಂಬ ವ್ಯವಸ್ಥೆ ಒಂದು ಕೀ ರಿಂಗ್ (ಕೀಗಳ ಗೊಂಚಲು) ಇಟ್ಟುಕೊಂಡು, 90 ದಿನಕ್ಕೊಮ್ಮೆ ತಾನೇ ಹೊಸ ಕೀ ಮಾಡಿಕೊಳ್ಳುತ್ತದೆ. ನೀವು ಮಾಡಬೇಕಾದ್ದು ಮೂರು. 'ಪರ್ಸಿಸ್ಟ್‌ಕೀಸ್' ವಿಧಾನಗಳಲ್ಲಿ ಒಂದರಿಂದ ಕೀ ರಿಂಗನ್ನು ಎಲ್ಲಾ ಸರ್ವರ್‌ಗೂ ಎಟಕುವ ಜಾಗದಲ್ಲಿಡಿ: ನೆಟ್‌ವರ್ಕ್ ಫೋಲ್ಡರ್, ರೆಡಿಸ್ ಅಥವಾ ಡೇಟಾಬೇಸ್. 'ಸೆಟ್‌ಅಪ್ಲಿಕೇಶನ್‌ನೇಮ್'ನಿಂದ ಎಲ್ಲೆಡೆ ಒಂದೇ ಹೆಸರು ಕೊಡಿ. ಕೊಡದಿದ್ದರೆ ಅಪ್ಲಿಕೇಶನ್ ಇರುವ ಫೋಲ್ಡರಿನ ಪಾತ್ ಅನ್ನೇ ಗುರುತಾಗಿ ಹಿಡಿಯುತ್ತದೆ, ಒಂದು ಸರ್ವರ್‌ನಲ್ಲಿ ಸಿ ಡ್ರೈವ್, ಇನ್ನೊಂದರಲ್ಲಿ ಡಿ ಡ್ರೈವ್ ಇದ್ದರೂ ಸಾಕು, ಜಗಳ ಶುರು. ಮೂರನೆಯದು 'ಪ್ರೊಟೆಕ್ಟ್‌ಕೀಸ್‌ವಿತ್‌ಸರ್ಟಿಫಿಕೇಟ್'. ಕೀ ಇಡುವ ಜಾಗವನ್ನು ನೀವೇ ಹೇಳಿದ ಕೂಡಲೇ ವ್ಯವಸ್ಥೆ ತಾನಾಗಿ ಮುಚ್ಚುವುದನ್ನು ನಿಲ್ಲಿಸಿ ಕೀಗಳನ್ನು ಬಿಚ್ಚಿಟ್ಟಂತೆ ಬರೆಯುತ್ತದೆ. ಇದು ಹಲವರಿಗೆ ಗೊತ್ತಿಲ್ಲ.

ಕೀ ಫೋಲ್ಡರಿನಲ್ಲಿ ಹಳೆಯ ಎಕ್ಸ್‌ಎಂಎಲ್ ಫೈಲ್ ಕಂಡು ಸ್ವಚ್ಛ ಮಾಡಲು ಹೋಗಬೇಡಿ, ಹಳೆಯ ಟಿಕೆಟ್ ತೆರೆಯಲು ಅವು ಬೇಕು. ಬೀದರ್‌ಗೆ ಫೋಲ್ಡರನ್ನು ನಕಲು ಮಾಡಿ ಕಳಿಸುವ ಏರ್ಪಾಡಿದ್ದರೆ ಅಲ್ಲಿನ ಅಪ್ಲಿಕೇಶನ್‌ಗೆ 'ಡಿಸೇಬಲ್‌ಆಟೊಮ್ಯಾಟಿಕ್‌ಕೀಜನರೇಶನ್' ಹಾಕಿ, ಅಲ್ಲೇ ಬೇರೆ ಕೀ ಹುಟ್ಟದಿರಲಿ. ಹೊಸ ಕೀ ಹುಟ್ಟಿ ಜಾರಿಗೆ ಬರುವ ನಡುವೆ ಎರಡು ದಿನದ ಅಂತರವಿರುತ್ತದೆ, ದಿನಕ್ಕೊಮ್ಮೆ ನಕಲು ಮಾಡಿದರೂ ಸಾಕಾಗುತ್ತದೆ.

ಕೀ ಸೋರಿದೆ ಎಂಬ ಅನುಮಾನ ಬಂದರೆ

ಹಳೆಯ ಫ್ರೇಮ್‌ವರ್ಕಿನ ಮಷೀನ್ ಕೀಯಲ್ಲಿ ಹಳೆಯದು, ಹೊಸದು ಎರಡನ್ನೂ ಕೆಲಕಾಲ ಒಟ್ಟಿಗೆ ಇಡುವ ಸೌಲಭ್ಯವಿಲ್ಲ. ಅನುಮಾನ ಬಂದರೆ ಆವಕದ ಸೀಸನ್ ಎಂದು ನೋಡಬೇಡಿ, ಎಲ್ಲರೂ ಹೊರಬಿದ್ದರೂ ಬೀಳಲಿ. 2025ರ ಜುಲೈನಲ್ಲಿ ಶೇರ್‌ಪಾಯಿಂಟ್ ಸರ್ವರ್‌ಗಳ ಮೇಲೆ ನಡೆದ ದಾಳಿಯಲ್ಲಿ ಕಳ್ಳರು ಒಯ್ದದ್ದು ಈ ಕೀಗಳನ್ನೇ. ಪ್ಯಾಚ್ ಹಾಕಿದ ಮೇಲೂ, ಕದ್ದ ಕೀ ಇಟ್ಟುಕೊಂಡವರಿಗೆ ಬಾಗಿಲು ತೆರೆದೇ ಇತ್ತು. ಹಾಗಾಗಿ ಪ್ಯಾಚ್ ಜೊತೆಗೆ ಕೀ ಬದಲಿಸಿ ಐಐಎಸ್ ರೀಸ್ಟಾರ್ಟ್ ಮಾಡಿ ಎಂದು ಮೈಕ್ರೋಸಾಫ್ಟ್ ಹೇಳಿತು.

ಕ್ರಮ ಹೀಗಿರಲಿ. ಮೊದಲು ಕೀ ಹೊರಗೆ ಹೋದ ದಾರಿಯನ್ನು ಮುಚ್ಚಿ, ಇಲ್ಲದಿದ್ದರೆ ಹೊಸ ಕೀಯೂ ಅದೇ ದಾರಿ ಹಿಡಿಯುತ್ತದೆ. ಎರಡನೇ ಸರ್ವರ್ರನ್ನು ಬ್ಯಾಲೆನ್ಸರ್‌ನಿಂದ ಬಿಡಿಸಿ ಹೊಸ ಕೀ ಹಾಕಿ ರೀಸ್ಟಾರ್ಟ್ ಮಾಡಿ, ಹೋಸ್ಟ್ಸ್ ಫೈಲಿನಿಂದ ಪರೀಕ್ಷಿಸಿ. ಅದನ್ನು ಒಳತಂದ ಹೊತ್ತಿಗೇ ಮೊದಲನೆಯದನ್ನು ಹೊರತೆಗೆಯಿರಿ. ಹಳೆಯ ಕೀಯವನೂ ಹೊಸ ಕೀಯವನೂ ಒಂದು ನಿಮಿಷವೂ ಜೊತೆಗೆ ಟ್ರಾಫಿಕ್ ತೆಗೆದುಕೊಳ್ಳಬಾರದು. ಮೊದಲನೆಯದಕ್ಕೂ ಹೊಸ ಕೀ ಹಾಕಿ ಹ್ಯಾಶ್ ಹೋಲಿಸಿ ಸೇರಿಸಿ, ಅದೇ ಸಂಜೆ ಬೀದರ್‌ದನ್ನೂ ಮುಗಿಸಿ. ಮುಂದಿನ ಎರಡು ದಿನ ಲಾಗ್‌ನಲ್ಲಿ 50201 ಎಣಿಸುತ್ತಿರಿ. ಮೊದಲ ಗಂಟೆ ಹಳೆಯ ಕುಕೀಗಳಿಂದಾಗಿ ಜಾಸ್ತಿ ಬರುತ್ತವೆ, ಅದು ಸಹಜ. ಮರುದಿನವೂ ಒಂದೇ ಸರ್ವರ್‌ನಲ್ಲಿ ಬರುತ್ತಲೇ ಇದ್ದರೆ ಆ ಸರ್ವರ್‌ನ ಹ್ಯಾಶ್ ಮತ್ತೆ ನೋಡಿ. ಎರಡೂ ಕಡೆ ಒಂದೇ ಹೊರಗಿನ ಐಪಿಯಿಂದ ಬರುತ್ತಿದ್ದರೆ ಹಳೆಯ ಕೀ ಹಿಡಿದವನು ಇನ್ನೂ ಯತ್ನಿಸುತ್ತಿರಬಹುದು. ಆ ಐಪಿಯನ್ನು ಫೈರ್‌ವಾಲ್‌ನಲ್ಲಿ ತಡೆದು, ಲಾಗ್‌ಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ.